ಮೀನಿನಕ್ಕನ ಹೆಬ್ಬೆರಳು

ಆ ಹೆಬ್ಬೆರಳು ನಮ್ಮನೆ ಟಿವಿ ರಿಮೋಟಿನಷ್ಟು ಉದ್ದ ಇದೆ ಅಂದರೆ ನೀವು ನಂಬುವುದಿಲ್ಲ. ಸರಿ, ಅರ್ಧ ರಿಮೋಟ್ ಅಂತ ಇಟ್ಟುಕೊಳ್ಳಿ. ಅದಕ್ಕಿಂತ ಕಡಿಮೆಗೆ ನಾನು ಒಪ್ಪುವುದಿಲ್ಲ. ಉಗುರಿನ ಸಂದಿಯಲ್ಲಿ ಯಾವಾಗಲೂ ಮೀನಿನ ಹುರುಪೆ ಒಂದು ಮಿಂಚುತ್ತಿರುತ್ತದೆ. ಆ ಬೆರಳಿನಿಂದ ಬಂಗುಡೆಯ ಕಿವಿರು ಎತ್ತಿ ಅಮ್ಮನಿಗೆ ತೋರಿಸುತ್ತಾರೆ: "ಕಾಣಿ, ಹ್ಯಾಂಗ್ ಕೆಂಪಿತ್ತ್!" ಆಮೇಲೆ ಅದನ್ನು ಸೆರಗಿಗೆ ಒರೆಸಿ, ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ಒಳಗಿನ ಬಣ್ಣ ನೋಡುತ್ತಾರೆ. ಮೀನಿಗೂ ನನಗೂ ಒಂದೇ ಪರೀಕ್ಷೆ. ಕೆಂಪಿದ್ದರೆ ಪಾಸು.

ಬಸ್ರೂರಿನ ನಮ್ಮ ಕೇರಿಯಲ್ಲಿ ಎಲ್ಲರಿಗೂ ಅವರು ಮೀನಿನಕ್ಕ. ಅಜ್ಜಿಗೂ ಅಕ್ಕ, ಅಮ್ಮನಿಗೂ ಅಕ್ಕ, ನನಗೂ ಅಕ್ಕ. ಒಂಬತ್ತರ ಬಸ್ಸಿನಿಂದ ಬುಟ್ಟಿ ಇಳಿಸಿ "ಹ್ವಾಯ್!" ಅಂದರೆ ಹೊಳೆಯಾಚೆಯ ಬೆಕ್ಕುಗಳೂ ಕಿವಿ ನೆಟ್ಟಗೆ ಮಾಡುತ್ತವೆ. ಅವರ ಹತ್ತಿರ ತಕ್ಕಡಿ ಇಲ್ಲ. ಕಣ್ಣಲ್ಲೇ ತೂಕ.

ನಮ್ಮನೆಯಲ್ಲಿ ಇವತ್ತು ಏನು ಅಡುಗೆ ಅಂತ ಅಮ್ಮ ಯೋಚಿಸಬಹುದು, ತೀರ್ಮಾನ ಮಾತ್ರ ಅಕ್ಕನದು. ಅಮ್ಮ ದುಬಾರಿ ಅಂಜಲ್ ಮೀನು ಕೇಳಿದರೆ ಬುಟ್ಟಿಯ ಮೇಲೆ ಕೈ ಅಡ್ಡ ಇಡುತ್ತಾರೆ. "ಅಂಜಲ್ ನೆಂಟ್ರಿಗೆ. ಮಕ್ಕಳಿಗೆ ಬೈಗಿ. ಈಗ ಅದ್ರ ಮೈಯಂಗೆ ಎಣ್ಣಿ ತುಂಬಿತ್ತ್." ಬೈಗಿ ಅಂದರೆ ಬೂತಾಯಿ, ಅಗ್ಗದ ಸಣ್ಣ ಮೀನು, ಮೈಯೆಲ್ಲ ಮುಳ್ಳು. ನಾನು ಮುಖ ಸಿಂಡರಿಸಿದರೆ ಒಂದೇ ಮಾತು: "ಮುಳ್ ತೆಗುಕೆ ಉದಾಸೀನ ಮಾಡುವನಿಗೆ ಯಾವ ಆಟವೂ ಬತ್ತಿಲ್ಲೆ."

ಮಳೆಗಾಲದಲ್ಲಿ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಅಕ್ಕನಿಗೆ ಮಾತ್ರ ರಜೆ ಇಲ್ಲ. ಅದೇ ಬುಟ್ಟಿಯಲ್ಲಿ ಚಗಟೆ ಸೊಪ್ಪು, ಒಂದೆಲಗ, ಕೆಸುವಿನೆಲೆ ಬರುತ್ತವೆ. "ಸಮುದ್ರಕ್ಕೆ ರಜೆ, ಹಾಡಿಗೆ ಡ್ಯೂಟಿ" ಅನ್ನುತ್ತಾರೆ. ಹಾಡಿ ಅಂದರೆ ಊರಂಚಿನ ಕುರುಚಲು ಕಾಡು. ಸೊಪ್ಪಿಗೂ ಸ್ವಲ್ಪ ಬಂಗುಡೆಯ ವಾಸನೆ ಇರುತ್ತದೆ, ಅದಕ್ಕೆ ಬೇರೆ ದುಡ್ಡು ಕೇಳುವುದಿಲ್ಲ.

ಹೋದ ಮಳೆಗಾಲದಲ್ಲಿ ನಾನೊಂದು ಮಹಾಸಾಹಸಕ್ಕೆ ಇಳಿದೆ. ಐವತ್ತೈದು ಕೆಜಿ ಒಳಗಿನವರ ಕಬಡ್ಡಿ ತಂಡ ಆಯ್ಕೆಯಾಗುವುದಿತ್ತು. ನಾನು ಐವತ್ತೆಂಟು. ಮೂರು ಕೆಜಿ ಇಳಿದರೆ ನಾನೇ ಮುಖ್ಯ ರೈಡರ್, ಇಲ್ಲದಿದ್ದರೆ ಅರವತ್ತು ಕೆಜಿಯವರ ನಡುವೆ ನೀರಿನ ಬಾಟಲಿ ಹೊರುವ ಕೆಲಸ. ಫೋನಿನ ವಿಡಿಯೊದಲ್ಲಿ ಒಬ್ಬ ಇದ್ದ, ಹೊಟ್ಟೆಯ ಮೇಲೆ ಕಲ್ಲು ಜೋಡಿಸಿಟ್ಟಂತೆ ಮೈ ಅವನದು. ಬೆಳಿಗ್ಗೆ ಓಟ್ಸ್, ಮಧ್ಯಾಹ್ನ ಮುಳ್ಳುಸೌತೆ, ರಾತ್ರಿ ನೀರು ಅಂದ. ನಾನು ಓಟ್ಸನ್ನೂ ಬಿಟ್ಟೆ, ಅವನಿಗಿಂತ ನಾನೇನು ಕಡಿಮೆ? ಅಮ್ಮ ಕೊಟ್ಟ ಕುಚಲಕ್ಕಿ ಗಂಜಿ ಹಿತ್ತಲಿನ ನಾಯಿಗೆ ಹೋಯಿತು. ಹತ್ತೇ ದಿನದಲ್ಲಿ ನಾಯಿ ಗೇಟಿನ ಸರಳುಗಳ ನಡುವೆ ಸಿಕ್ಕಿಹಾಕಿಕೊಳ್ಳುವಷ್ಟು ದಪ್ಪ ಆಯಿತು.

ಹನ್ನೊಂದನೇ ದಿನ ಶಾಲೆಯ ಸಭಾಂಗಣದಲ್ಲಿ ಅಭ್ಯಾಸ. ಮೊದಲ ಎರಡು 'ಕಬಡ್ಡಿ' ಎದುರಾಳಿಗಳಿಗೆ ಹೇಳಿದೆ, ಮೂರನೆಯದನ್ನು ಫ್ಯಾನಿಗೆ. ಯಾರೂ ಮುಟ್ಟಿರಲಿಲ್ಲ. ಕಬಡ್ಡಿಯ ಚರಿತ್ರೆಯಲ್ಲಿ ಗಾಳಿಗೆ ಔಟಾದ ಮೊದಲ ರೈಡರ್ ನಾನೇ ಇರಬೇಕು. ಪಿ.ಟಿ. ಮಾಸ್ಟ್ರು ನೀರು ಚಿಮುಕಿಸಿ ಎಬ್ಬಿಸಿ, ಮೈ ಸರಿಯಾಗದೆ ಅಂಕಣಕ್ಕೆ ಕಾಲಿಡಬೇಡ ಅಂದುಬಿಟ್ಟರು.

ಮಾರನೆಯ ದಿನ ಅಕ್ಕ ಸೊಪ್ಪಿನ ಬುಟ್ಟಿ ಇಳಿಸಿ ನನ್ನ ರೆಪ್ಪೆ ಎಳೆದರು.

"ಎಂತದಾ ಇದ್? ನಾಕ್ ದಿನ ಐಸಂಗ್ ಇಟ್ಟ ಬಂಗ್ಡಿ ಹಾಂಗೆ ಇತ್ತಲೆ!"

"ಡಯಟ್ ಅಕ್ಕ. ಐವತ್ತೈದ್ ಆಯ್ಕ್."

ಅಕ್ಕ ನನ್ನನ್ನು ಬುಡದಿಂದ ತುದಿವರೆಗೆ ನೋಡಿದರು. "ತಲಿ ತೆಗ್ದ್ ಕ್ಲೀನ್ ಮಾಡ್ರೆ ಐವತ್ತೈದ್ ಆತ್ತ್. ತೆಗುದಾ? ಹ್ಯಾಂಗೂ ಅದ್ನ ನೀನ್ ಉಪಯೋಗ್ಸುದಿಲ್ಲೆ."

ಅಮ್ಮ ಬಾಗಿಲು ಹಿಡಿದುಕೊಂಡು ನಕ್ಕಳು. ನಗುವುದು ನಿಂತ ಮೇಲೆ ನಾಯಿ ದಪ್ಪ ಆದದ್ದರ ವಿಚಾರಣೆ ಶುರುವಾಯಿತು. ನಾನು ಎಲ್ಲ ಒಪ್ಪಿಕೊಂಡೆ. ಅಕ್ಕ ನಗಲಿಲ್ಲ. ನನ್ನ ಹೆಗಲ ಮೇಲೆ ಕೈ ಇಟ್ಟು ಮೆಲ್ಲಗೆ ಹೇಳಿದರು: "ಬೆಳೆಯು ಮಕ್ಕಳ್ ತೂಕ ಇಳ್ಸುಕಾಗ ಮಗಾ. ಬದ್ಲ್ಸುದಾರೆ ತಂಡ ಬದ್ಲ್ಸ್."

ಅವತ್ತಿನಿಂದ ನನ್ನ ಹೊಟ್ಟೆ ಅಕ್ಕನ ಸುಪರ್ದಿಗೆ ಹೋಯಿತು. ಬೆಳಿಗ್ಗೆ ಹುರುಳಿ ಚಟ್ನಿ ಜೊತೆ ಗಂಜಿ. ಮಧ್ಯಾಹ್ನ ಹಲಸಿನ ಬೀಜ ಹಾಕಿದ ಚಗಟೆ ಸೊಪ್ಪಿನ ಪಲ್ಯ. ಸಂಜೆ ಬೇಕರಿ ಪಪ್ಸಿನ ಬದಲು ಬಾಳೆಹಣ್ಣು. ರಜಾದಿನಗಳಲ್ಲಿ ನಾನು ಬಟ್ಟಲು ಬಳಿದು ಮುಗಿಸುವವರೆಗೂ ಅಕ್ಕ ಜಗಲಿಯ ಮೆಟ್ಟಿಲ ಮೇಲೆ ಕೂತೇ ಇರುತ್ತಿದ್ದರು. ನಾಯಿ ಬರದಂತೆ ಕಾವಲು ಅಂದುಕೊಂಡೆ. ಮತ್ತೆ ದೋಣಿ ಕಡಲಿಗೆ ಇಳಿದವು, ಬೈಗಿ ಬಂತು. ಮುಂದಿನ ನಾಲ್ಕು ತಿಂಗಳಲ್ಲಿ ನಾನು ಅರಬ್ಬೀ ಸಮುದ್ರದ ಅರ್ಧ ಬೈಗಿ ಖಾಲಿ ಮಾಡಿದ್ದೇನೆ. ಉಳಿದ ಅರ್ಧದ ಮುಳ್ಳು ತೆಗೆಯಲು ಪುರುಸೊತ್ತು ಆಗಲಿಲ್ಲ.

ಚಳಿಗಾಲದಲ್ಲಿ ಕೊಕ್ಕರ್ಣೆಯಲ್ಲಿ ಪಂದ್ಯ. ಅರವತ್ತು ಕೆಜಿ ತಂಡದಲ್ಲಿ ಆಡಿದೆ. ಒಂದೇ ರೈಡಿನಲ್ಲಿ ಏಳೂ ಜನರನ್ನು ಔಟ್ ಮಾಡಿದೆ. ಸರಿ, ಮೂರು ಜನ. ಆದರೆ ಆ ಮೂವರೂ ಎರಡೆರಡು ಆಳಿನಷ್ಟು ಅಗಲ ಇದ್ದರು, ಲೆಕ್ಕ ನೀವೇ ಹಾಕಿ. ಉತ್ತಮ ರೈಡರ್ ಕಪ್ ನನಗೇ ಬಂತು. ಬಸ್ಸಿನಲ್ಲಿ ಅದಕ್ಕೆ ಸೀಟು ಕೊಟ್ಟು ನಾನು ನಿಂತುಕೊಂಡು ಬಂದೆ.

ಮರುದಿನ ಒಂಬತ್ತಕ್ಕೆ ಕಪ್ ಹಿಡಿದು ಜಗಲಿಯಲ್ಲಿ ತಯಾರಾಗಿದ್ದೆ. ಅಕ್ಕ ಬಂದರು, ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ಕೂತರು. ಕಪ್ಪನ್ನು ಮೀನಿನಂತೆ ತಿರುಗಿಸಿ ನೋಡಿ, "ಒಳ್ಳೆ ತಾಜಾ ಇತ್ತ್" ಅಂದರು. ನನಗೆ ಕೊಂಬು ಬಂತು.

"ಇವತ್ ನಿಮ್ಗೆ ಪರೀಕ್ಷೆ ಅಕ್ಕ, ಕಣ್ಣ್ ತೋರ್ಸಿ!" ಅಂತ ನನ್ನ ಹೆಬ್ಬೆರಳಿನಿಂದ ಅವರ ರೆಪ್ಪೆ ಎಳೆದೆ.

ಒಳಗೆ ಕೆಂಪೇ ಇರಲಿಲ್ಲ. ತೊಳೆದ ಬೆಳ್ತಿಗೆ ಅಕ್ಕಿಯಂಥ ಬಿಳಿ ಬಣ್ಣ. ನಾನು ಅವರ ಪಕ್ಕ ಮೆಟ್ಟಿಲ ಮೇಲೆ ಕೂತೆ.

"ಬೆಳಿಗ್ಗೆ ಎಂತ ತಿಂದ್ರಿ?"

"ಚಾ."

"ದಿನಾ ಮಧ್ಯಾಹ್ನ?"

"ಬುಟ್ಟಿ ಖಾಲಿ ಆದ್ಮೇಲೆ ಎಂತಾರೂ."

"ಮೀನ್?"

"ಮೀನ್ ಮಾರುವರೇ ತಿಂದ್ರೆ ನಿಮ್ಗೆಂತ ಉಳಿತ್ತಾ ಮಾರಾಯಾ?" ಅಂತ ನಕ್ಕರು. ನಗುವಷ್ಟರಲ್ಲೇ ಏದುಸಿರು ಬಂತು. ಆಗ ನನಗೆ ಹೊಳೆಯಿತು. ನಮ್ಮ ಮೆಟ್ಟಿಲ ಮೇಲೆ ಅಷ್ಟು ಹೊತ್ತು ಕೂರುತ್ತಿದ್ದದ್ದು ನನ್ನ ಕಾವಲಿಗೆ ಮಾತ್ರ ಅಲ್ಲ, ಅವರಿಗೆ ಏಳಲು ಆಗುತ್ತಿರಲಿಲ್ಲ. ಕೇರಿಯ ಎಲ್ಲರ ಕಣ್ಣು ನೋಡಿದ್ದರು. ಅವರ ಕಣ್ಣು ನೋಡಬೇಕು ಅಂತ ನಮಗೆ ಯಾರಿಗೂ ತೋಚಿರಲಿಲ್ಲ.

ಅಂದೇ ಅಮ್ಮ ಮತ್ತು ನಾನು ಅವರನ್ನು ಕುಂದಾಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ರಕ್ತ ತುಂಬಾ ಕಡಿಮೆ ಇದೆ, ಇನ್ನೂ ತಡ ಮಾಡಿದ್ದರೆ ಎಲ್ಲಾದರೂ ದಾರಿಯಲ್ಲೇ ಬೀಳುತ್ತಿದ್ದರು ಅಂದರು ಡಾಕ್ಟರು. ಮಾತ್ರೆ ಬರೆದು, ಹೊತ್ತು ಹೊತ್ತಿಗೆ ಊಟ ಮಾಡಲೇಬೇಕು ಅಂದರು. ಅಕ್ಕ ಸುಮ್ಮನೆ ಬರಲಿಲ್ಲ. ಡಾಕ್ಟರ ರೆಪ್ಪೆಯನ್ನೂ ಎಳೆದು ನೋಡಿ, "ನಿಮ್ದೂ ಅಷ್ಟಕ್ಕಷ್ಟೇ ಡಾಕ್ಟ್ರೆ, ಬೈಗಿ ತಿನ್ನಿ" ಅಂದು ಬಂದರು.

ಈಗ ಒಂಬತ್ತರ ಬಸ್ಸು ಬಂದರೆ ಮೊದಲು ನಮ್ಮ ಜಗಲಿ. ಗಂಜಿ, ಸೊಪ್ಪಿನ ಪಲ್ಯ, ಹಿಂದಿನ ದಿನದ ಬೈಗಿ ಗಸಿ. ಬಟ್ಟಲು ಖಾಲಿ ಆಗದೆ "ಹ್ವಾಯ್" ಇಲ್ಲ. ಗಂಜಿಯ ತೆಳಿ ಕುಡಿಯಲು ನನ್ನ ಕಪ್ಪನ್ನೇ ಕೊಡುತ್ತೇನೆ. ಗೆದ್ದ ಕಾಲು ಅವರು ಕೊಟ್ಟದ್ದು, ಕಪ್ ಯಾರದ್ದಾದರೆ ಏನು? ರಜಾದಿನ ಮೆಟ್ಟಿಲ ಮೇಲೆ ಕೂತು ಕಾಯುವುದು ಈಗ ನಾನು. ಅಕ್ಕ "ಸಾಕ್ ಮಗಾ" ಅಂದರೆ, "ಮುಳ್ ತೆಗುಕೆ ಉದಾಸೀನ ಮಾಡುವರಿಗೆ ಮೀನ್ ಮಾರುಕೂ ಬತ್ತಿಲ್ಲೆ" ಅನ್ನುತ್ತೇನೆ. ಬೈಗುಳ ತಿನ್ನುತ್ತೇನೆ. ಅದರಲ್ಲೂ ಪೌಷ್ಟಿಕಾಂಶ ಇರಬೇಕು.

ಹೋದ ಭಾನುವಾರ ಮತ್ತೆ ಅಕ್ಕನ ರೆಪ್ಪೆ ಎಳೆದು ನೋಡಿದೆ.

"ಎಷ್ಟ್ ಕೆಂಪಾ?" ಅಂತ ಕೇಳಿದರು.

ಬೇರೆ ಯಾವ ವಿಷಯವಾದರೂ ದಾಸವಾಳದಷ್ಟು ಕೆಂಪು ಅನ್ನುತ್ತಿದ್ದೆ.

"ಒಂಚೂರ್," ಅಂದೆ. "ಇನ್ನೂ ಉಣ್ಕ್ ನೀವ್."

ಅಕ್ಕ ಬಟ್ಟಲು ಮುಂದೆ ಚಾಚಿದರು.