ಚನ್ನಪ್ಪಣ್ಣನವರ ಭೂತಾನ

ರಜೆಗೆ ಹೊರಟವರ ಬೂಟನ್ನು ಬಗ್ಗಿ ಹೆಬ್ಬೆರಳಿನಿಂದ ಒತ್ತಿ ನೋಡುವ ಚಾಳಿ ಚನ್ನಪ್ಪಣ್ಣನವರದು. ಇಗರ್ಜಿಯ ಪೂಜೆಗೆ ಹೊರಟ ನನ್ನ ಗಂಡ ವಿನ್ಸೆಂಟರನ್ನೂ ಲಿಫ್ಟಿನಲ್ಲಿ ಬಿಡಲಿಲ್ಲ. “ಇದು ಭೂತಾನಕ್ಕ ನಡ್ಯಂಗಿಲ್ಲ ಬಿಡ್ರಿ. ಹೊಸಾ ಬೂಟಿನಾಗ ಗುಡ್ಡ ಏರಿದ್ರ ಗುಳ್ಳಿ ಏಳ್ತಾವ. ತಿಂಗಳ ಮೊದಲ ಹಾಕ್ಕೊಂಡು ಪಳಗಸ್ರಿ.” ವಿನ್ಸೆಂಟ್ ಭೂತಾನಕ್ಕೆ ಹೋಗುತ್ತೇನೆಂದು ಯಾವತ್ತೂ ಹೇಳಿರಲಿಲ್ಲ, ಮಾರಾಯ್ರೆ.

ಕುವೈತಿನ ಮಂಗಫಿನಲ್ಲಿ ನಮ್ಮದು ಎದುರುಬದುರು ಬಾಗಿಲು. ನಾನು ಉಡುಪಿ ಕಡೆಯವಳು, ಆಸ್ಪತ್ರೆಯಲ್ಲಿ ನರ್ಸ್. ಅವರು ಗದಗಿನವರು, ರಿಫೈನರಿಯಲ್ಲಿ ವೆಲ್ಡರ್. ಕುವೈತಿಗೆ ಬರುವ ಮೊದಲು ಮೂರು ವರ್ಷ ಭೂತಾನದ ವಿದ್ಯುತ್ ಯೋಜನೆಯೊಂದರಲ್ಲಿ ದುಡಿದಿದ್ದರು. ಆ ದೇಶ ಅವರ ತಲೆಯಿಂದ ಇಳಿದೇ ಇರಲಿಲ್ಲ. ಮದುವೆಯಾದಾಗ ಹೆಂಡತಿ ಗಂಗಕ್ಕನಿಗೆ ಭೂತಾನ ತೋರಿಸುತ್ತೇನೆಂದು ಮಾತು ಕೊಟ್ಟಿದ್ದರಂತೆ. ಇಪ್ಪತ್ತು ವರ್ಷದ ಎಲ್ಲ ರಜೆಗಳನ್ನೂ ತಮ್ಮನ ಮದುವೆ, ಸೋದರಳಿಯನ ಗೃಹಪ್ರವೇಶ, ಇವರದೇ ಹಲ್ಲುನೋವು ನುಂಗಿಹಾಕಿದ್ದವು. “ಊರ ಮಂದಿಗೆಲ್ಲಾ ದಾರಿ ಹೇಳ್ತಾರ. ರಜಾಕ್ಕ ಊರಿಗೆ ಹೋದ್ರ ನನಗ ಗದಗ ಸ್ಟೇಷನ್ ದಾಟಿಸಿಲ್ಲ ನೋಡ್ರಿ,” ಎಂದು ಗಂಗಕ್ಕ ರೊಟ್ಟಿ ಬಡಿಯುತ್ತಲೇ ಹೇಳುತ್ತಿದ್ದರು.

ದಾರಿ ಹೇಳುವುದರಲ್ಲಿ ಮಾತ್ರ ಅವರಿಗೆ ಸರಿಸಾಟಿ ಇರಲಿಲ್ಲ. “ನಕ್ಷೇದಾಗ ನೂರು ಕಿಲೋಮೀಟರ್ ಅಂದ್ರ ತಾಸು ಅಂತ ತಿಳೀಬ್ಯಾಡ್ರಿ, ಅದೇನ್ ಇಲ್ಲೀ ಫಹಾಹೀಲ್ ರೋಡಿನಂಗ ನೆಟ್ಟಗಿಲ್ಲ. ಅರ್ಧ ದಿನ ಇಟ್ಕೋರಿ. ಅಲ್ಲೀ ಕೋಟೆಯೊಳಗ ಗುಡಿ ಇರ್ತಾವ, ಟೋಪಿ ತಗೀರಿ, ತೋಳು ಮುಚ್ಚೋ ಅಂಗಿ ಹಾಕ್ಕೋರಿ. ಸ್ತೂಪ ಸುತ್ತೂದು ಬಲಕ್ಕ. ಬ್ಯಾಸಿಗಿ ಅಂತ ಸ್ವೆಟರ್ ಬಿಟ್ಟು ಹೋಗಬ್ಯಾಡ್ರಿ. ಮತ್ತ, ಖಾರ ನಮಗೇನು ಹೊಸದು ಅನ್ನಬ್ಯಾಡ್ರಿ. ಅಲ್ಲಿ ಮೆಣಸಿನಕಾಯಿ ಮಸಾಲಿ ಅಲ್ಲ, ಅದೇ ಪಲ್ಯ.”

ಕೇಳಿ ಕೇಳಿ ನಮಗೂ ಹುಚ್ಚು ಹಿಡಿಯಿತು. ಒಂದು ವರ್ಷ ನಾವಿಬ್ಬರು, ಅವರಿಬ್ಬರು ಸೇರಿ ಟಿಕೆಟ್ ಮಾಡಿಸಿದೆವು. ಚನ್ನಪ್ಪಣ್ಣ ಆ ದಿನದಿಂದಲೇ ತರಬೇತಿ ಶುರು ಹಚ್ಚಿಕೊಂಡರು. ಗುಡ್ಡವೇ ಇಲ್ಲದ ಕುವೈತಿನಲ್ಲಿ ಕೂತವರಿಗೆ ಭೂತಾನದ ಪಾರೋ ಊರಿನ ಬಂಡೆಯ ಮೇಲಿನ ಮಠ ಹತ್ತಲಾಗುವುದಿಲ್ಲವೆಂದು ಲಿಫ್ಟ್ ಬಿಡಿಸಿ ಸಂಜೆ ಸಂಜೆ ಎಂಟು ಮಹಡಿಯ ಮೆಟ್ಟಿಲು ಹತ್ತಿಸಿದರು. “ಯಲ್ಲಾ, ಯಲ್ಲಾ” ಎಂದು ಹಿಂದಿನಿಂದ ಅರಬ್ಬಿಯಲ್ಲಿ ಅವಸರಪಡಿಸುವ ಕೂಗು ಬೇರೆ. ನನಗೆ ನಾಲ್ಕನೇ ಮಹಡಿಗೇ ಉಸಿರು ಕಟ್ಟುತ್ತಿತ್ತು. ಗಂಗಕ್ಕ ಸೆರಗು ಸಿಕ್ಕಿಸಿಕೊಂಡು ಎಲ್ಲರಿಗಿಂತ ಮೊದಲು ಮೇಲೆ ನಿಂತಿರುತ್ತಿದ್ದರು.

ಹೊರಡಲು ವಾರವಿರುವಾಗ ರಿಫೈನರಿಯಲ್ಲಿ ಶಟ್‌ಡೌನ್ ಬಂತು. ಇಡೀ ಘಟಕ ನಿಲ್ಲಿಸಿ ರಿಪೇರಿ ಮಾಡುವ ದಿನಗಳವು, ವೆಲ್ಡರಿಗೆ ರಜೆಯ ಮಾತೇ ಇಲ್ಲ. “ನಂದು ಖಲಾಸ್, ಸಿಸ್ಟರ್,” ಎಂದರು. ನನಗೆ ಸಿಟ್ಟು ನೆತ್ತಿಗೇರಿತು. “ಈ ಸಲವೂ ಅವರನ್ನು ಅಡುಗೆಮನೆಯಲ್ಲೇ ಕೂರಿಸ್ತೀರಾ?” ಎಂದು ಬೈದೇಬಿಟ್ಟೆ. ಅವರು ಒಳಗೆ ಹೋಗಿ ಗಂಗಕ್ಕನ ಪಾಸ್‌ಪೋರ್ಟ್ ತಂದು ನನ್ನ ಕೈಗಿಟ್ಟರು. “ನೀವು ಕರ್ಕೊಂಡು ಹೋಗ್ರಿ. ನನ್ನ ಸಲುವಾಗಿ ಅಕಿ ಯಾಕ ನಿಲ್ಲಬೇಕು?”

ಪಾರೋದ ಗುಡ್ಡದ ಅರ್ಧದಲ್ಲಿ ಒಂದು ಚಹಾದ ಮನೆ ಇದೆ. ಅಲ್ಲಿಂದ ಎದುರು ಬಂಡೆಯಲ್ಲಿ ಮಠ ಕಾಣುತ್ತದೆ. ನಾನು ಏದುಸಿರು ಬಿಡುತ್ತ ತಲುಪಿದರೆ ಗಂಗಕ್ಕ ಆಗಲೇ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದರು. ಮೇಲೆ ಬರಲು ಮಾತ್ರ ಒಪ್ಪಲಿಲ್ಲ. ಬೇಡಿದೆ, ಗದರಿದೆ, ಊಹೂಂ. ಗೈಡ್‌ನ ಮೊಬೈಲಿನಲ್ಲಿ ಗಂಡನಿಗೆ ಹೇಳಿದರು: “ಅರ್ಧ ನೋಡೀನಿ. ಉಳಿದದ್ದು ನೀವು ಬಂದಾಗ.” ಆ ಕಡೆಯಿಂದ ಚನ್ನಪ್ಪಣ್ಣ ಕಿರುಚುತ್ತಿದ್ದುದು ನನಗೂ ಕೇಳಿಸಿತು: “ಹುಚ್ಚಿ, ಏರು! ಇಷ್ಟು ದೂರ ಹೋಗಿ!” ಗಂಗಕ್ಕ ನಕ್ಕು ಫೋನು ಗೈಡ್‌ಗೆ ಕೊಟ್ಟುಬಿಟ್ಟರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಹೊಟ್ಟೆಕಿಚ್ಚೂ ಆಯಿತು.

ಎರಡು ವರ್ಷದ ಮೇಲೆ ಚನ್ನಪ್ಪಣ್ಣ ಕೆಲಸ ಬಿಟ್ಟು, ಕುವೈತ್ ಬಿಡುವ ಎಕ್ಸಿಟ್ ಮುದ್ರೆ ಹೊಡೆಸಿಕೊಂಡು ಗಂಗಕ್ಕನೊಂದಿಗೆ ಹೊರಟರು. ಎದುರು ಬಾಗಿಲು ಮುಚ್ಚಿದ್ದು ನೋಡಿ ನಾನು ಅತ್ತೆ. ನಾಲ್ಕೈದು ದಿನ ಕಳೆದಿರಬೇಕು, ಡ್ಯೂಟಿಯಲ್ಲಿದ್ದಾಗ ಫೋನು ಬಂತು.

“ಸಿಸ್ಟರ್, ಊರಿಗೆ ಹೋಗಿಲ್ಲರಿ. ಸೀದಾ ಇಲ್ಲಿಗೇ ಬಂದ್ವಿ. ಚಾದ ಮನ್ಯಾಗ ಕುಂತೀನಿ.”

“ಗಂಗಕ್ಕ ಎಲ್ಲಿ?”

“ಮ್ಯಾಲೆ ಹೋಗ್ಯಾಳ. ನನ್ನ ಮೊಣಕಾಲು ಕೈಕೊಟ್ಟಾವರಿ, ಇಲ್ಲಿಂದ ಮ್ಯಾಲೆ ಒಂದು ಹೆಜ್ಜಿ ಆಗವಲ್ದು. ಈ ಸಲಾನೂ ಕುಂತಿದ್ಲು. ನಾನೇ ಬೈದು ಕಳಿಸೀನಿ.”

“ಅಯ್ಯೋ, ಒಬ್ಬರೇ ಹೋದರಾ?”

“ಗೈಡ್ ಅದಾನ್ರಿ. ನಾ ಇಪ್ಪತ್ತು ವರ್ಷ ಹೇಳೀನಿ, ಅಕಿ ಕೇಳ್ಯಾಳ. ಇನ್ನ ಅಕಿ ಹೇಳ್ತಾಳ, ನಾ ಕೇಳ್ತೀನಿ.” ಆಮೇಲೆ ದನಿ ತಗ್ಗಿಸಿದರು. “ಇಡ್ತೀನ್ರಿ ಸಿಸ್ಟರ್. ಅಕಿ ಇಳಿದು ಬರಾಕತ್ತಾಳ.”