ಅನ್ನ ಬಿಟ್ಟ ವರ್ಷಗಳು

ಸಕ್ಕರೆ ಕಾಯಿಲೆ ಬಂದಾಗ ನಾನು ಅನ್ನ ಬಿಟ್ಟೆ. ಮದುವೆ ಊಟಗಳಲ್ಲೂ ಎಲೆಗೆ ಕೈ ಅಡ್ಡ ಹಿಡಿದು, ಮನೆಗೆ ಬಂದು ರಾಗಿ ಮುದ್ದೆ ನುಂಗುತ್ತಿದ್ದೆ. ಆದರೂ ವರ್ಷಗಟ್ಟಲೆ ಸಕ್ಕರೆ ಇಳಿಯಲಿಲ್ಲ. ಪಾದಗಳು ಜೋಮು ಹಿಡಿದವು.

ಮೊನ್ನೆ ಅರಸೀಕೆರೆಯ ಡಾಕ್ಟರು ನನ್ನನ್ನು ಬಿಟ್ಟು ಹೆಂಡತಿಯನ್ನು ಕೇಳಿದರು: "ಏನು ತಿಂತಾರಮ್ಮ ಇವರು?"

"ಮುದ್ದೇನೇ ಸಾರ್. ಮೆತ್ತಗಿರ್ಲಿ ಅಂತ ಎಸರಿಗೆ ಒಂದ್ ಹಿಡಿ ಅಕ್ಕಿ ಹಾಕ್ತೀನಿ, ಅಷ್ಟೇಯ."

ಹಿಡಿ ಎಷ್ಟೆಂದು ತೋರಿಸಲು ಎರಡೂ ಕೈ ಜೋಡಿಸಿದಳು. ಅದು ಬೊಗಸೆ!

ನನಗೆ ಮೈಯೆಲ್ಲ ಉರಿದುಹೋಯಿತು. ಅನ್ನ ಬಿಟ್ಟೆನೆಂದು ಊರೆಲ್ಲ ಹೇಳಿಕೊಂಡು ಓಡಾಡಿದವನಿಗೆ ಇವಳು ದಿನಾ ಅನ್ನವನ್ನೇ ಉಂಡೆ ಕಟ್ಟಿ ಬಡಿಸಿದ್ದಾಳೆ. ಹೊರಗೆ ಬಂದವನೇ ಕೂಗಾಡಿದೆ: "ಇಷ್ಟು ವರ್ಷ ಮೋಸ ಮಾಡ್ದಲ್ಲೇ!"

"ಬರೀ ರಾಗೀದು ನಿಮ್ಗೆ ಗಂಟ್ಲಲ್ಲಿ ಇಳೀತಿರ್ಲಿಲ್ಲ ಕಣ್ರೀ. ಅಕ್ಕಿ ಹಾಕಿದ್ ದಿನ ಇನ್ನೊಂದು ಬಡಿಸು ಅಂದ್ರಿ."

ಊರಿಗೆ ಹೋಗುವ ಕಣಕಟ್ಟೆ ಬಸ್ಸಿನಲ್ಲಿ ಅವಳಿಗೆ ಮುಖ ಕೊಡದೆ ಕಿಟಕಿಯತ್ತ ತಿರುಗಿ ಕೂತೆ. ಹಿಂದಿನಿಂದ ಯಾರೋ, "ಯಜಮಾನ್ರೇ, ಚಪ್ಪಲಿ ಬಿದ್ದೈತೆ" ಎಂದರು. ನೋಡಿದರೆ ಇವಳು ಆಗಲೇ ಬಗ್ಗಿ, ನನ್ನ ಪಾದ ಹಿಡಿದು ಚಪ್ಪಲಿ ತೊಡಿಸುತ್ತಿದ್ದಳು.

ಮುಟ್ಟಬೇಡ ಎಂದು ಕಾಲು ಎಳೆದುಕೊಂಡುಬಿಡುತ್ತಿದ್ದೆನೇನೋ. ಆದರೆ ಅವಳು ಮುಟ್ಟಿದ್ದೇ ನನಗೆ ಗೊತ್ತಾಗಿರಲಿಲ್ಲ.