ಊರ ತುಂಬ ಕೇಳಿದ ಹೆಸರು

ಮಾವನವರಿಗಿಂತ ಮೊದಲು ಅವರ ಜೋಡಿನ ಸದ್ದು ಮನೆಗೆ ಬರುತ್ತಿತ್ತು. ಅಕ್ಕಲಕೋಟೆಯಲ್ಲಿ ಹೊಲಿಸಿದ ದಪ್ಪ ಚರ್ಮದ ಜೋಡು. ಅಂಗಳದಿಂದಲೇ ಕಿರ್ರ್ ಕಿರ್ರ್ ಎನ್ನುವುದು. ಹೊಸ್ತಿಲಲ್ಲಿ ನಿಂತು ಒಮ್ಮೆ ಕೆಮ್ಮುವರು. ಆ ಕೆಮ್ಮಿಗೆ ನಾವು ಸೊಸೆಯಂದಿರು ತಲೆಯ ಮೇಲೆ ಸೆರಗೆಳೆದುಕೊಂಡು ಅಡಿಗೆಮನೆ ಸೇರಬೇಕು. ನಾನೋ ಸೋಲಾಪುರದ ಬಟ್ಟೆ ಗಿರಣಿಯ ಕೆಲಸಗಾರರ ಚಾಳಿನಲ್ಲಿ ಬೆಳೆದವಳು. ಸೆರಗು ನೆನಪಾಗುವಷ್ಟರಲ್ಲಿ ಅವರು ನಡುಮನೆಗೆ ಬಂದಿರುತ್ತಿದ್ದರು. ಆಗ ಗೋಡೆಗೆ ಮುಖ ಮಾಡಿ ಹೇಳುವರು: "ಇದೆಲ್ಲಾ ನಮ್ಮ ಮನಿಯಾಗ ನಡ್ಯಾಂಗಿಲ್ಲ."

ಅವರಿಗೆ ನಡೆಯದ ಸಂಗತಿಗಳು ಒಂದೆರಡಲ್ಲ. ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಪಾಲು ಕೊಡುವುದು ನಡೆಯದು. ಹೆಂಡತಿಯ ಬಾಯಲ್ಲಿ ಗಂಡನ ಹೆಸರು ಬರುವುದಂತೂ ಸುತಾರಾಂ ನಡೆಯದು. ಸ್ವಾತಂತ್ರ್ಯ ಬಂದ ಮೇಲಿನ ಮೊದಲ ಚುನಾವಣೆಯಲ್ಲಿ ವಿಧಾನಸಭೆಗೆ ನಿಂತದ್ದೇ ಇದನ್ನೆಲ್ಲ ಉಳಿಸಿಕೊಳ್ಳಲು. "ಹಿರ್ಯಾರ ರೀತಿ ಕಾಯಾಕ ಮುಂಬೈಗೆ ಒಬ್ಬರರ ಹೋಗಬೇಕಲ್ಲ?" ಎಂದು ಪಡಸಾಲೆಯಲ್ಲಿ ಗುಡುಗುತ್ತಿದ್ದರು. ಚಕ್ಕಡಿಯಲ್ಲಿ ಹಳ್ಳಿ ಹಳ್ಳಿ ತಿರುಗಿ ಗಂಟಲು ಕಟ್ಟಿಸಿಕೊಂಡು ಬಂದಾಗ, ನಾನು ಬಾಗಿಲ ಮರೆಯಿಂದ ಅರಿಷಿಣ ಹಾಕಿದ ಬಿಸಿ ಹಾಲು ಸರಿಸುತ್ತಿದ್ದೆ. "ಸೋಲಾಪುರದವರಿಗೆ ಇಷ್ಟರ ಬರತದ" ಎನ್ನುವರು. ಅದು ಹೊಗಳಿಕೆ! ಅವರ ಮಾತು ಒಂದೂ ನನಗೆ ಒಪ್ಪಿಗೆಯಿರಲಿಲ್ಲ, ಆದರೂ ಅವರು ಗೆಲ್ಲಲೆಂದು ಹರಕೆ ಹೊತ್ತಿದ್ದೆ.

ಓಟಿನ ದಿನ ಊರ ಸಾಲೆಯಲ್ಲಿ ಒಬ್ಬೊಬ್ಬ ಉಮೇದುವಾರರಿಗೂ ಒಂದೊಂದು ಪೆಟ್ಟಿಗೆ ಇಟ್ಟಿದ್ದರು. ನಮ್ಮ ಓಣಿಯ ಹೆಂಗಸರೆಲ್ಲ ಅತ್ತೆಯವರ ಹಿಂದೆ ಸಾಲು ನಿಂತೆವು. ಮತದಾರರ ಯಾದಿಯಲ್ಲಿ ನಾವೆಲ್ಲ ಇಂಥವರ ಹೆಂಡತಿ ಎಂದಷ್ಟೇ ಇದ್ದೆವು. ಸೋಲಾಪುರದಿಂದ ಬಂದಿದ್ದ ಚುನಾವಣೆಯ ಸಾಹೇಬರು ಮರಾಠಿಯಲ್ಲಿ ಗಂಡನ ಹೆಸರು ಕೇಳಿದರು: "ಬಾಯಿ, ಮಾಲಕಾಂಚ ನಾವ ಸಾಂಗಾ." ಅತ್ತೆ ಒಲ್ಲೆನೆಂದು ತಲೆಯಾಡಿಸಿದರು.

"ಹೇಳದಿದ್ರ ಚೀಟಿ ಸಿಗಾಂಗಿಲ್ರಿ ಅತ್ತಿ," ಎಂದು ಪಿಸುಗುಟ್ಟಿದೆ.

"ಅವರ ಆಯುಷ್ಯ ಕಡಿಮಿ ಆಗತದ. ಓಟು ಹೋದ್ರ ಹೋಗ್ಲಿ."

ಊರ ಗೌಡತಿಯಾದ ಅತ್ತೆಯೇ ಹೇಳಲಿಲ್ಲವೆಂದ ಮೇಲೆ ಉಳಿದವರು ಹೇಳುತ್ತಾರೆಯೇ? ಸಾಲು ಮನೆಯ ಕಡೆ ತಿರುಗಿತು. ಅಯ್ಯೋ ಶಿವನೇ, ಮಾವನವರ ಓಟೆಲ್ಲ ಕಣ್ಣೆದುರೇ ಸೆರಗು ಹೊದ್ದುಕೊಂಡು ಹೊರಟಿತ್ತು!

ಸುದ್ದಿ ಮುಟ್ಟಿ ಮಾವನವರು ಬಂದರು. ಜೋಡಿನ ಸದ್ದು ಸಾಲೆಯ ಕಟ್ಟೆಯ ಹತ್ತಿರ ನಿಂತಿತು. ಜನ್ಮವಿಡೀ ಬೇಡವೆಂದದ್ದನ್ನು ಈಗ ಮಾಡೆನ್ನಬೇಕು, ಇಲ್ಲವೇ ಗೆಲ್ಲುವ ಆಸೆ ಬಿಡಬೇಕು. ರುಮಾಲು ತೆಗೆದು ಬೆವರೊರೆಸಿಕೊಂಡರು. ಆಮೇಲೆ ಬೇವಿನ ಮರದ ಕಡೆ ನೋಡುತ್ತ, "ಒಡಪು ಹಾಕಂತ ಹೇಳ್ರಿ ಆಕಿಗೆ. ಮದವಿಯಾಗ ಹಾಕಿದ್ಲಲ್ಲ. ಅದು ನಡೀತದ," ಎಂದರು.

ಪ್ರಾಸದ ಸಾಲಿನಲ್ಲಿ ಗಂಡನ ಹೆಸರು ಸೇರಿಸಿ ಹೇಳುವ ಒಡಪಿಗೆ ನಮ್ಮಲ್ಲಿ ದೋಷವಿಲ್ಲ. ಅತ್ತೆ ಸೆರಗು ಸರಿಮಾಡಿಕೊಂಡು ಸಾಲೆ ಮೊಳಗುವಂತೆ ಹಾಕಿದರು:

"ಹಣಿತುಂಬ ಕುಂಕುಮ, ಹಸರ ಬಳಿ ಕೈತುಂಬ,
............ ಹೆಸರ ಹೇಳತೀನಿ, ಕೇಳ್ಲಿ ಊರ ತುಂಬ!"

ಸಾಹೇಬರೂ ನಕ್ಕುಬಿಟ್ಟರು. ಹೋದವರೆಲ್ಲ ಓಡಿ ಬಂದರು; ಒಬ್ಬೊಬ್ಬಳದೂ ಒಂದೊಂದು ಒಡಪು, ಸಾಲೆ ಮದುವೆಮನೆಯಾಯಿತು. ಹೊರಗೆ ನಿಂತಿದ್ದ ಮಾವನವರ ಕಿವಿ ಕೆಂಪಾಗಿತ್ತು.

ಆದರೂ ಸೋತರು. ಉಳಿದ ಹಳ್ಳಿಗಳು ಕೈಕೊಟ್ಟವು. ಎಣಿಕೆ ಮುಗಿಸಿ ಸೋಲಾಪುರದಿಂದ ಬಂದ ಮಾವನವರು ಬಾಗಿಲಲ್ಲಿ ಕೆಮ್ಮಲೂ ಮರೆತರು. ನೀರು ಕುಡಿದು ಅತ್ತೆಯವರಿಗೆ, "ಆ ಒಡಪು ಇನ್ನೊಮ್ಮೆ ಹಾಕು," ಎಂದರು.

"ನಾಚಿಕಿ ಬರೂದಿಲ್ಲೇನ್ರಿ ನಿಮಗ?" ಎಂದು ಅತ್ತೆ ಒಳಗೆ ಹೋದರು. ಮತ್ತೆಂದೂ ಹಾಕಲಿಲ್ಲ.

ಮುತ್ತೈದೆಯಾಗಿಯೇ ಅತ್ತೆ ಮೊದಲು ಹೋದರು. ಆಮೇಲೆ ಸಂಜೆಯ ಹೊತ್ತು ಮಾವನವರು ಬಾಗಿಲಾಚೆ ಕೂತು, "ನಿಮ್ಮತ್ತಿದು ಆ ಒಡಪು ಹೇಳವ್ವಾ," ಎನ್ನುತ್ತಿದ್ದರು. ಹೇಳುತ್ತಿದ್ದೆ. ಹೆಸರಿನ ಜಾಗ ಬಂದಾಗ ನಿಲ್ಲುತ್ತಿದ್ದೆ, ಮಾವನ ಹೆಸರನ್ನು ಸೊಸೆ ಹೇಳುವಂತಿಲ್ಲವಲ್ಲ. ಆಗ ಅವರು ಕಣ್ಣು ಮುಚ್ಚಿಕೊಳ್ಳುವರು. ಅತ್ತೆಯ ದನಿ ಅವರಿಗೆ ಕೇಳುತ್ತಿತ್ತೋ ಏನೋ.

ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ ಮತ್ತೆ ಕೇಳಿದರು. ಎಂದಿನಂತೆ ಹೆಸರಿನ ಜಾಗದಲ್ಲಿ ನಿಂತೆ. ಅವರು ಗೋಡೆ ನೋಡಲಿಲ್ಲ, ನನ್ನನ್ನೇ ನೋಡಿದರು.

"ಪೂರಾ ಹೇಳು ಮಗಳ. ಇವತ್ತ ನಡೀತದ."

ಹೇಳಿದೆ. ದೀಪ ಹಚ್ಚುವ ಹೊತ್ತಿಗೆ ಅವರಿರಲಿಲ್ಲ.

ಮತ್ತೆ ಆ ಹೆಸರು ಬಾಯಲ್ಲಿ ಬಂದಿಲ್ಲ, ಇಲ್ಲಿಯೂ ಬರೆದಿಲ್ಲ. ಎಲ್ಲಾದರೂ ಜೋಡು ಕಿರ್ರೆಂದರೆ ಸಾಕು, ಬೇಕೆಂದೇ ಸೆರಗು ಜಾರಿಸಿಕೊಂಡು ಕೂಡುತ್ತೇನೆ. ಬಂದು ನಡ್ಯಾಂಗಿಲ್ಲ ಅನ್ನಲಿ, ಒಮ್ಮೆಯಾದರೂ ಅನ್ನಲಿ.